ಗೋಮಾತೆಯ ಸೂಜಿಗೊಂದು ಪರದೆ

ಬಿ.ಎಸ್ಸಿ.ಯಲ್ಲಿ ನಾನು ಪ್ರಾಣಿಶಾಸ್ತ್ರ ಓದಿದ್ದೆ ಎಂಬುದು ನನಗೇ ಮರೆತುಹೋಗಿತ್ತು. ಮುಂಬೈಯ ಫೋರ್ಟಿನ ವಿಮಾ ಕಚೇರಿಯೊಂದರಲ್ಲಿ ಅಪಘಾತದ ಕ್ಲೇಮುಗಳನ್ನು ಓದುವುದು ನನ್ನ ಕೆಲಸ. ಯಾರು ಎಲ್ಲಿ ಬಿದ್ದರು, ಯಾವ ಕಡೆಯಿಂದ ಏನು ಬಂದು ಬಡಿಯಿತು ಎಂಬುದನ್ನು ಕಾಗದದ ಮೇಲೆ ಓದಿ, ಇದು ಹೀಗೆ ಆಗಲು ಸಾಧ್ಯವೇ ಎಂದು ಅನುಮಾನಪಡುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಆದರೆ ನಮ್ಮ ಅತ್ತೆ ಮೈಸೂರಿನವರು. ಸೊಸೆಯ ಡಿಗ್ರಿಯನ್ನು ಸೊಸೆ ಮರೆತರೂ ಅವರು ಮರೆಯುವವರಲ್ಲ. ದನಗಳಿಗೆ ಲಂಪಿ ಬಂದ ವರ್ಷ ವಡಾಲದ ನಮ್ಮ ಬಿಲ್ಡಿಂಗಿನ ಲಿಫ್ಟಿನ ಮುಂದೆ ಏನೋ ಚರ್ಚೆ ನಡೆದಿತ್ತು. ಅತ್ತೆ ನಡುವೆ ಬಾಯಿ ಹಾಕಿ, "ನಮ್ಮ ಸೊಸೇನೇ ಇದಾಳಲ್ಲ, ಜೂವಾಲಜಿ" ಎಂದುಬಿಟ್ಟರು. ಅಂದಿನಿಂದ ನಾನು ಸೊಸೈಟಿಯ ತಜ್ಞೆ.

ಲಂಪಿ ಎಂದರೆ ಕರ್ನಾಟಕದ ಪತ್ರಿಕೆಗಳು ಚರ್ಮಗಂಟು ರೋಗ ಎಂದು ಬರೆಯುವ ಕಾಯಿಲೆ. ದನದ ಮೈತುಂಬ ಗಂಟುಗಳೇಳುತ್ತವೆ, ಜ್ವರ ಬರುತ್ತದೆ, ಕಾಲು ಬಾತುಕೊಳ್ಳುತ್ತದೆ, ಹಾಲು ಬತ್ತುತ್ತದೆ. ಕೆಲವು ಸಾಯುತ್ತವೆ. ರಕ್ತ ಹೀರುವ ನೊಣ, ಸೊಳ್ಳೆ, ಉಣ್ಣೆಗಳು ವೈರಸ್ಸನ್ನು ಒಂದು ಮೈಯಿಂದ ಇನ್ನೊಂದಕ್ಕೆ ದಾಟಿಸುತ್ತವೆ. ಮನುಷ್ಯರಿಗೆ ಬರುವುದಿಲ್ಲ. ಹಸುಗಳಿಗೆ ಲಸಿಕೆ ಹಾಕಿಸುವುದೇ ದಾರಿ. ಇಷ್ಟನ್ನು ನಾನು ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ಬರೆದೆ. ಮೊದಲು ಬಂದ ಉತ್ತರ ಕೈಮುಗಿದ ಚಿತ್ರ. ಎರಡನೆಯದು, "ಹಾಗಾದರೆ ಮನುಷ್ಯರಿಗೆ ಬಂದರೆ ಏನು ಮಾಡಬೇಕು?" ಮೂರನೇ ಮಹಡಿಯ ಮಹಿಳೆಯೊಬ್ಬರು ಪನೀರ್ ಬಿಟ್ಟರು, ಪೇಡಾ ಬಿಡಲಿಲ್ಲ. ಪೇಡಾ ಪ್ರಸಾದವಂತೆ. ಸೆಕ್ರೆಟರಿಯವರು ತಕ್ಷಣ ಹೊಗೆ ಯಂತ್ರ ತರಿಸಿ ಕಾಂಪೌಂಡಿನ ತುಂಬ ಹೊಗೆ ಹಾಕಿಸಿದರು. ನಾವೆಲ್ಲ ಬಾಗಿಲು ಹಾಕಿಕೊಂಡು ಕೆಮ್ಮಿದೆವು. ಸೊಳ್ಳೆಗಳು ಗೇಟು ದಾಟಿ ರಸ್ತೆಗೆ ಹೋದವು. ರಸ್ತೆಯಲ್ಲಿ ಹಸು ನಿಂತಿತ್ತು.

ಆ ಹಸುವಿನ ಬಗ್ಗೆ ಹೇಳಬೇಕು. ಸ್ಟೇಷನ್ನಿಗೆ ಹೋಗುವ ರಸ್ತೆಯ ತಿರುವಿನಲ್ಲಿ ಒಂದು ಉಡುಪಿ ಹೋಟೆಲ್ ಇದೆ. ಅದರ ಪಕ್ಕದ ಗೋಡೆಗೆ ಒರಗಿದಂತೆ ಬೆಳಿಗ್ಗೆಯಿಂದ ಸಂಜೆಯವರೆಗೆ ಒಬ್ಬಳು ಹಸು ಮತ್ತು ಕರುವನ್ನು ಕಟ್ಟಿಕೊಂಡು ಕೂರುತ್ತಾಳೆ. ಎದುರಿಗೆ ಹಸಿ ಹುಲ್ಲಿನ ಸೂಡುಗಳು. ಲೋಕಲ್ ಹಿಡಿಯಲು ಓಡುವವರು ನೋಟು ಕೊಟ್ಟು ಒಂದು ಸೂಡು ಎತ್ತಿ ಹಸುವಿನ ಬಾಯಿಗೆ ಹಿಡಿದು, ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಮತ್ತೆ ಓಡುತ್ತಾರೆ. ಹುಲ್ಲು ಅವಳದು, ಹಸು ಅವಳದು, ಪುಣ್ಯ ಮಾತ್ರ ನಮ್ಮದು. ಮುಂಬೈಯಲ್ಲಿ ಇಷ್ಟು ಬೇಗ ಮುಗಿಯುವ ಕೆಲಸ ಬೇರೊಂದಿಲ್ಲ. ಅವಳು ಅಕ್ಕಲಕೋಟೆಯ ಕಡೆಯವಳು. ಕನ್ನಡದಲ್ಲಿ ಮಾತಾಡುತ್ತಾಳೆಂದು ನಮ್ಮ ಅತ್ತೆಗೆ ಅವಳ ಮೇಲೆ ಸ್ವಲ್ಪ ಸಲಿಗೆ, ಸ್ವಲ್ಪ ಅಧಿಕಾರ. ಅವಳಿಗೆ ಬೇರೆ ಕಸುಬಿಲ್ಲ. ಹಸು ಹೋದರೆ ಅವಳ ಅನ್ನ ಹೋಯಿತು.

ಆ ವರ್ಷದ ವಸುಬಾರಸ್ ದಿನ ನಾನು ರಜೆ ಹಾಕಿದ್ದೆ. ಹಬ್ಬದ ಪಾತ್ರೆ ತೊಳೆಯಲು ಹಾಕಿಸಿದ ರಜೆ ಅದು. ಇಲ್ಲಿಯವರಿಗೆ ದೀಪಾವಳಿ ಆರಂಭವಾಗುವುದೇ ವಸುಬಾರಸಿನಿಂದ. ಹೆಂಗಸರು ಬೆಳಿಗ್ಗೆಯಿಂದ ಉಪವಾಸವಿದ್ದು, ಸಂಜೆ ಹಸು ಮತ್ತು ಕರುವಿಗೆ ಪೂಜೆ ಮಾಡಿ, ಆಮೇಲೆ ಊಟ ಮಾಡುತ್ತಾರೆ. ಮೈಸೂರಿನಲ್ಲಿ ಅತ್ತೆ ಇದನ್ನು ಮಾಡಿದವರಲ್ಲ. "ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ" ಎಂದು ಇಲ್ಲಿಗೆ ಬಂದ ಮೇಲೆ ಹಿಡಿದ ವ್ರತ. ಈಗ ಹುಟ್ಟಿನಿಂದ ಮಾಡಿದವರಿಗಿಂತ ಅವರದೇ ಕಟ್ಟುನಿಟ್ಟು. ತೊಂದರೆ ಏನೆಂದರೆ, ಸುತ್ತಲಿನ ಅಷ್ಟೂ ಬಿಲ್ಡಿಂಗುಗಳಿಗೆ ಇರುವುದು ಇದೊಂದೇ ಹಸು. ಸಂಜೆಯ ಪೂಜೆಗೆ ಜಾಗ ಹಿಡಿಯಲು ಕೆಲವರು ಬೆಳಿಗ್ಗೆಯೇ ಬಂದು ಚಪ್ಪಲಿ ಇಟ್ಟು ಹೋಗಿದ್ದರು.

ಆ ಚಪ್ಪಲಿಗಳ ಸಾಲಿನ ಪಕ್ಕಕ್ಕೆ ಪಶುವೈದ್ಯರ ಜೀಪು ಬಂದು ನಿಂತಿತು. ಇಳಿದವರು ಮೂವತ್ತೈದರ ಆಸುಪಾಸಿನ ಹೆಂಗಸು. ಕೈಯಲ್ಲಿ ನೀಲಿ ಐಸ್ ಡಬ್ಬಿ, ಮುಖದಲ್ಲಿ ಹಿಂದಿನ ವಾರದ ನಿದ್ದೆ. ದನ ಕಟ್ಟುವ ತಬೇಲಾಗಳಿಗೆಲ್ಲ ಹೋಗಿ ಲಸಿಕೆ ಹಾಕಿ ಬಂದಿದ್ದರು. ಬೇಡವೆಂದ ಒಬ್ಬಿಬ್ಬರ ದನ ಬಿಟ್ಟರೆ ಈ ಹಸು ಮಾತ್ರ ಪ್ರತಿ ಸಲವೂ ತಪ್ಪಿಹೋಗಿತ್ತು.

"ತಬೇಲಾದಾಗ ಅವರು ಬಂದಾಗ ನಾವು ಇಲ್ಲಿ ಇರ್ತಿದ್ವಿರಿ" ಎಂದಳು ಹಸುವಿನವಳು. "ಹಗಲೊತ್ತು ಆಕಿ ಡ್ಯೂಟಿ ಮ್ಯಾಲ ಇರ್ತಾಳಲ್ರಿ."

ಡಾಕ್ಟರು ಹಸುವಿನ ಮೈ ಸವರಿ ಗಂಟಿದೆಯೇ ನೋಡಿದರು. ಕಾಯಿಲೆ ಬಂದಿರುವ ದನಕ್ಕೆ ಲಸಿಕೆ ಹಾಕುವಂತಿಲ್ಲ. ಜ್ವರ ನೋಡಲು ಬಾಲ ಎತ್ತಿ ಥರ್ಮಾಮೀಟರ್ ಇಟ್ಟರು. ಸುತ್ತ ನಿಂತಿದ್ದ ಹೆಂಗಸರು ಗಲ್ಲ ಬಡಿದುಕೊಂಡರು. ಹಸುವಿನ ಹಿಂಭಾಗದಲ್ಲಿ ಲಕ್ಷ್ಮಿ ವಾಸಿಸುತ್ತಾಳೆ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಡಾಕ್ಟರು ಅದೇ ಜಾಗದಲ್ಲಿ ಗಾಜಿನ ಕಡ್ಡಿ ಇಟ್ಟು ಗಡಿಯಾರ ನೋಡುತ್ತ ನಿಂತಿದ್ದರು. ಲಕ್ಷ್ಮಿಗೆ ಜ್ವರವಿರಲಿಲ್ಲ.

ಐಸ್ ಡಬ್ಬಿಯ ಮುಚ್ಚಳ ತೆಗೆದ ಮೇಲೆ ಗದ್ದಲ ಶುರುವಾಯಿತು. ಇವತ್ತಿನ ದಿನ ಗೋಮಾತೆಯ ಮೈಯಿಂದ ರಕ್ತ ತೆಗೆಯುವುದೇ? ಬೇರೆ ದಿನ ಸಿಗಲಿಲ್ಲವೇ? ಕುಂಕುಮದ ಭರಣಿ ಹಿಡಿದಿದ್ದ ಮರಾಠಿ ಕಾಕೂ ಒಬ್ಬರು ಹಸುವಿಗೂ ಸೂಜಿಗೂ ನಡುವೆ ನಿಂತು, ಚುಚ್ಚುವುದಾದರೆ ಮೊದಲು ನನಗೆ ಚುಚ್ಚಿ ಎಂದರು. ಡಾಕ್ಟರು ಅವರ ತೋಳನ್ನು ಒಂದು ಕ್ಷಣ ಯೋಚನೆಯಿಂದ ನೋಡಿದರು.

"ಚುಚ್ಚರಿ ಡಾಕ್ಟರ್‌ಬಾಯಿ, ಚುಚ್ಚರಿ" ಎಂದಳು ಹಸುವಿನವಳು. "ಹಸು ನಂದೈತಿ. ಇವರ ಮಾತು ಏನ್ ಕೇಳ್ತೀರಿ."

ಹಸು ಎಲ್ಲರ ತಾಯಿಯಾದ್ದರಿಂದ ಅದರ ಒಡತಿಯ ಮಾತಿಗೆ ಬೆಲೆಯಿರಲಿಲ್ಲ. ಡಾಕ್ಟರು ಹಿಂದಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು: ಲಸಿಕೆ ಹಾಕದ ದನ ರಸ್ತೆಯಲ್ಲಿ ನಿಲ್ಲಬಾರದೆಂದು ಆದೇಶವಿದೆ. ನಾನು ಸಂಜೆ ಇನ್ನೊಮ್ಮೆ ಬರುತ್ತೇನೆ. ಆಗಲೂ ಆಗದಿದ್ದರೆ ಗಾಡಿ ಬಂದು ಹಸುವನ್ನು ಉಪನಗರದ ದೊಡ್ಡಿಗೆ ಎತ್ತಿಕೊಂಡು ಹೋಗುತ್ತದೆ. "ಮೇರೇ ಹಾಥ್ ಮೇಂ ಕುಛ್ ನಹೀಂ" ಎಂದು ಡಬ್ಬಿ ಮುಚ್ಚಿದರು. ದೊಡ್ಡಿಗೆ ಹೋದ ದನ ಮರಳಿ ಬಂದದ್ದನ್ನು ಹಸುವಿನವಳು ನೋಡಿರಲಿಲ್ಲ. ಅಲ್ಲಿ ಎಲ್ಲೆಲ್ಲಿಂದಲೋ ಹಿಡಿದು ತಂದ ದನಗಳಿರುತ್ತವೆ. ನೊಣಕ್ಕೆ ಅದಕ್ಕಿಂತ ಒಳ್ಳೆಯ ಊರಿಲ್ಲ. ಜೀಪು ಹೋದ ಮೇಲೆ ಅವಳು ಹುಲ್ಲು ಮಾರಲಿಲ್ಲ. ಹಗ್ಗವನ್ನು ಕೈಗೆ ಸುತ್ತಿಕೊಂಡು ಕೂತಳು.

ನಮ್ಮ ಸೆಕ್ರೆಟರಿ ಬೆಂಗಳೂರಿನವರು, ನಿವೃತ್ತ ಬ್ಯಾಂಕ್ ಅಧಿಕಾರಿ. ಸಮಸ್ಯೆ ಎಂದರೆ ಅವರಿಗೆ ಪ್ರಾಣ. ಮಧ್ಯಾಹ್ನ ಹೋಟೆಲಿನ ಒಳಗಿನ ಮೇಜಿನಲ್ಲಿ ಸಭೆ ಕರೆದರು. ಅತ್ತೆಯೂ ನಾನೂ ಹೋದೆವು. ಅತ್ತೆ ಹಿರಿಯ ಮುತ್ತೈದೆ, ನಾನು ಜೂವಾಲಜಿ.

"ಒಂದು ಕೇಳ್ತೀನಿ" ಎಂದರು ಸೆಕ್ರೆಟರಿ. "ದೇವಸ್ಥಾನದಲ್ಲಿ ಅಭಿಷೇಕ ಆದ್ಮೇಲೆ ಅಲಂಕಾರಕ್ಕೆ ಏನ್ ಮಾಡ್ತಾರೆ? ಪರದೆ ಎಳೀತಾರೆ. ಒಳಗೆ ಏನ್ ನಡೀತಿದೆ ಅಂತ ಯಾರಾದ್ರೂ ಕೇಳ್ತಾರಾ? ನಾವೂ ಪರದೆ ಹಿಡಿಯೋಣ. ಬಸ್."

"ಪರದೆ ಹಿಂದೆ ಚುಚ್ಚೋದಾ?" ಎಂದರು ಅತ್ತೆ.

"ಚುಚ್ಚೋದು ಅನ್ಬೇಡಿ. ಆರೋಗ್ಯ ಸೇವೆ ಅನ್ನಿ. ಗಂಧ, ಪುಷ್ಪ, ಆರೋಗ್ಯ ಸೇವೆ, ಆಮೇಲೆ ಆರತಿ. ಸಂಕಲ್ಪದಲ್ಲೇ ಸೇರಿಸಿ ಹೇಳಿಬಿಡ್ತೀನಿ. ಸಂಕಲ್ಪದಲ್ಲಿ ಬಂದದ್ದು ಪಾಪ ಹೇಗಾಗತ್ತೆ? ಶಂಖ ಊದುವಾಗ ಡಾಕ್ಟರ್ ಚುಚ್ಚಲಿ. ಹಸುಗೂ ಗೊತ್ತಾಗಲ್ಲ, ಲೇಡೀಸ್‌ಗೂ ಗೊತ್ತಾಗಲ್ಲ."

ನಾನೆಂದೆ, "ಸರ್, ಮುಖದ ಹತ್ತಿರ ಬಟ್ಟೆ ಆಡಿದ್ರೆ ದನ ಬೆದರತ್ತೆ. ಜೊತೆಗೆ ಶಂಖ ಬೇರೆ."

"ಮೇಡಂ, ನಿಮ್ಮ ಜೂವಾಲಜಿಯಲ್ಲಿ ಇರೋದು ಪ್ರಾಣಿ. ಇದು ಗೋಮಾತೆ."

ಹೋಟೆಲಿನ ಯಜಮಾನರು ಗಲ್ಲಾದಿಂದಲೇ ಹೇಳಿದರು, "ಎಂತ ಬೇಕಾದ್ರೂ ಮಾಡಿ ಮಾರಾಯ್ರೆ, ನನ್ನ ಗಿರಾಕಿಗಳಿಗೆ ಒಳಗೆ ಬರ್ಲಿಕ್ಕೆ ಒಂದು ದಾರಿ ಬಿಡಿ."

ಪರದೆ ಸೆಕ್ರೆಟರಿಯವರ ಮನೆಯ ಹಾಲಿನದು. ಕಿತ್ತಳೆ ಬಣ್ಣದ ದೊಡ್ಡ ದೊಡ್ಡ ಹೂಗಳಿದ್ದವು.

ಸಂಜೆಯ ಹೊತ್ತಿಗೆ ಸಾಲು ಸ್ಟೇಷನ್ ರಸ್ತೆಯವರೆಗೆ ಬೆಳೆದಿತ್ತು. ಎಲ್ಲರ ಕೈಯಲ್ಲೂ ತಟ್ಟೆ, ಎಲ್ಲರ ಹೊಟ್ಟೆಯಲ್ಲೂ ಹಸಿವು. ಹಸುವಿನ ಎದುರಿಗೆ ಹೋಟೆಲಿನ ಗೋಡೆ ಬರುವ ಹಾಗೆ ಅದನ್ನು ತಿರುಗಿಸಿ ನಿಲ್ಲಿಸಿದ್ದರು. ಆ ಗೋಡೆಯ ಮೇಲೆ ಸ್ಥಳೀಯ ನಾಯಕರೊಬ್ಬರ ದೊಡ್ಡ ಫ್ಲೆಕ್ಸ್; ಅವರು ಕೈಮುಗಿದು ನಮ್ಮೆಲ್ಲರಿಗೂ ದೀಪಾವಳಿಯ ಶುಭಾಶಯ ಕೋರುತ್ತಿದ್ದರು. ಗೋಡೆಗೂ ಹಸುವಿಗೂ ನಡುವಿನ ಕಿರಿದಾದ ಜಾಗದಲ್ಲಿ ಅತ್ತೆ ಆರತಿ ತಟ್ಟೆ ಹಿಡಿದು ನಿಂತರು. ಹಿಂದಕ್ಕೆ ಸರಿಯಲು ಎಡೆಯಿರಲಿಲ್ಲ. ಬೇರೆ ಕಡೆ ನಿಲ್ಲಿಸಿ ಎಂದು ಹಸುವಿನವಳು ಹೇಳಿದಳು. ಫೋಟೋದಲ್ಲಿ ಫ್ಲೆಕ್ಸ್ ಬರಬೇಕು ಎಂದು ಸೆಕ್ರೆಟರಿ ಹೇಳಿದರು.

ಪರದೆಯ ಒಳಗೆ ನಾವು ನಾಲ್ವರು: ತಟ್ಟೆ ಹಿಡಿದ ಅತ್ತೆ, ಹಗ್ಗ ಹಿಡಿದ ಹಸುವಿನವಳು, ಸಿರಿಂಜು ಹಿಡಿದ ಡಾಕ್ಟರು, ಕರುವಿನ ಬಳಿ ನಾನು. ತಜ್ಞೆ ಒಳಗಿರಲಿ ಎಂದಿದ್ದರು. ಡಾಕ್ಟರಿಗೆ ಈ ಏರ್ಪಾಡು ಕೇಳಿ ನಗು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ. "ಬೇಗ ಮಾಡಿ. ಕಲಸಿದ ಲಸಿಕೆ ತುಂಬ ಹೊತ್ತು ನಿಲ್ಲುವುದಿಲ್ಲ" ಎಂದಷ್ಟೇ ಹಿಂದಿಯಲ್ಲಿ ಹೇಳಿದರು. ಹೊರಗೆ ಸೆಕ್ರೆಟರಿ ಮೈಕಿನಲ್ಲಿ ಸಂಕಲ್ಪ ಹೇಳಿದರು. ಗಂಧ, ಪುಷ್ಪಗಳ ಜೊತೆಗೆ ಆರೋಗ್ಯ ಸೇವೆಯೂ ಅವರದೇ ಸಂಸ್ಕೃತದಲ್ಲಿ ಸೇರಿತು. ಸಾಲಿನವರೆಲ್ಲ ಅಕ್ಷತೆ ಮುಟ್ಟಿ ತಲೆಯ ಮೇಲೆ ಹಾಕಿಕೊಂಡರು. ಇಬ್ಬರು ಹೆಂಗಸರು ಪರದೆಯನ್ನು ಎತ್ತಿ ಹಿಡಿದರು. ಶಂಖ ಮೊಳಗಿತು.

ಡಾಕ್ಟರು ಕುತ್ತಿಗೆಯ ಚರ್ಮವನ್ನು ಚಿವುಟಿ ಎತ್ತಿದ್ದರು. ಅದೇ ಹೊತ್ತಿಗೆ ರಸ್ತೆಯಲ್ಲಿ ಬಸ್ಸೊಂದು ಹಾದುಹೋಯಿತು. ಅದರ ಗಾಳಿಗೆ ಪರದೆ ಉಬ್ಬಿ ಹಸುವಿನ ಮುಖದ ಮೇಲೆ ಬಂತು.

ಇಲ್ಲಿಂದ ಮುಂದಿನದನ್ನು ನಾನು ಈಗಲೂ ನೋಡುತ್ತೇನೆ. ಲೋಕಲಿನಲ್ಲಿ ನಿಂತಾಗ, ಕುಕ್ಕರು ಕೂಗುವುದನ್ನು ಕಾಯುವಾಗ. ಒಮ್ಮೊಮ್ಮೆ ಹಗ್ಗ ಮೊದಲು ಬರುತ್ತದೆ: ಹಸುವಿನವಳ ಅಂಗೈಯಿಂದ ಅದು ಜಾರಿದ ಬಗೆ. ಒಮ್ಮೊಮ್ಮೆ ಶಬ್ದ ಮೊದಲು: ಬಟ್ಟೆ ಅಂಗಡಿಯಲ್ಲಿ ಕತ್ತರಿಯಿಲ್ಲದೆ ಬಟ್ಟೆ ಹರಿಯುತ್ತಾರಲ್ಲ, ಆ ಶಬ್ದ. ಹಸು ತಲೆ ಕೊಡವಿತು. ಪರದೆ ಹೆಂಗಸರ ಕೈಬಿಟ್ಟು ಕೊಂಬುಗಳಿಗೆ ಸಿಕ್ಕಿಕೊಂಡಿತು. ಕಣ್ಣು ಕಾಣದ ಹಸುವಿಗೆ ಮುಂದಕ್ಕೆ ಹೋಗುವುದೊಂದೇ ತಿಳಿಯಿತು. ಮುಂದೆ ಅತ್ತೆಯಿದ್ದರು.

ಒಂದು ಕೊಂಬು ಅತ್ತೆಯ ಬಲಗಡೆ ನಾಯಕರ ಮುಗಿದ ಕೈಗಳನ್ನು ತೂರಿ ಗೋಡೆಗೆ ತಾಗಿತು. ಇನ್ನೊಂದು ಎಡಗಡೆ ಹಣತೆಯ ಚಿತ್ರವನ್ನು ತೂರಿತು. ನಡುವೆ ಅತ್ತೆ. ಕಿತ್ತಳೆ ಹೂಗಳ ಪರದೆ ಹೊದ್ದ ಹಸುವಿನ ಹಣೆ ಅವರ ಹೊಟ್ಟೆಗೆ ಒತ್ತಿಕೊಂಡಿತ್ತು. ಕನ್ನಡಕ ಒಂದು ಕಿವಿಯಿಂದ ನೇತಾಡುತ್ತಿತ್ತು. ಒಂದು ಕೈಯಲ್ಲಿ ತಟ್ಟೆಯನ್ನು ತಲೆಯ ಮೇಲಕ್ಕೆ ಎತ್ತಿದ್ದರು. ಬತ್ತಿಗಳು ಒಂದೊಂದಾಗಿ ಜಾರಿ ಸೆಗಣಿಯ ಮೇಲೆ ಬಿದ್ದು ಆರಿದವು. ಇಷ್ಟು ವರ್ಷ ನಾನು ಅತ್ತೆಗೆ, ಸ್ವಲ್ಪ ಮೈ ತುಂಬಿಕೊಳ್ಳಿ, ಟಾನಿಕ್ ತಗೊಳ್ಳಿ ಎಂದು ಗೋಗರೆದಿದ್ದೆ. ಅವರು ಕೇಳದೆ ಇದ್ದದ್ದರಿಂದ ಕೊಂಬುಗಳ ನಡುವೆ ಹಿಡಿಸಿದರು.

ಅವರು ಕಿರುಚಲಿಲ್ಲ. ಅಡುಗೆಮನೆಯಿಂದ ಕರೆಯುವ ಧ್ವನಿಯಲ್ಲಿ, "ಅಮ್ಮಣ್ಣಿ, ತಟ್ಟೆ ಹಿಡ್ಕೋ" ಎಂದರು.

ನಾನು ಕರುವಿನ ಕೊರಳು ಹಿಡಿದು ನಿಂತಲ್ಲೇ ಇದ್ದೆ. ಹೊರಗೆ ಶಂಖ ಇನ್ನೂ ಮೊಳಗುತ್ತಲೇ ಇತ್ತು, ಊದುವವನು ಒಳ್ಳೆಯ ಉಸಿರಿದ್ದ ಮನುಷ್ಯ. ಆಗ ನನ್ನ ಪಕ್ಕದಲ್ಲಿ ಕರು ಕೂಗಿತು. ಹಸು ಹಿಂದಕ್ಕೆ ಹೆಜ್ಜೆಯಿಟ್ಟಿತು, ಪರದೆ ಜಾರಿತು, ಕರುವಿನ ಕಡೆ ತಿರುಗಿ ಅದನ್ನು ನೆಕ್ಕತೊಡಗಿತು. ಅಷ್ಟೆ. ಇಂಥ ಕ್ಲೇಮು ನನ್ನ ಮೇಜಿಗೆ ಬಂದಿದ್ದರೆ, ಎರಡು ಕೊಂಬುಗಳೂ ಎರಡು ಬದಿಗೆ ಹೋದವು ಎಂಬ ಹೇಳಿಕೆ ನಂಬುವಂತಿಲ್ಲ ಎಂದು ಬರೆದು ತಿರುಗಿ ಕಳಿಸುತ್ತಿದ್ದೆ.

ಮೊದಲು ಬಂದ ತೀರ್ಪು, ಇದು ಆಶೀರ್ವಾದ ಎಂಬುದು. ಗೋಮಾತೆ ಅಜ್ಜಿಯನ್ನು ಅಪ್ಪಿಕೊಂಡಳು. ಬೆಳಗಿನ ಕಾಕೂ ಅತ್ತೆಯ ಕಾಲು ಮುಟ್ಟಿದರು. ಅವರ ಹಿಂದೆ ಇನ್ನೂ ಕೆಲವರು. ಹೋಟೆಲಿನವರು ಪ್ಲಾಸ್ಟಿಕ್ ಸ್ಟೂಲು ತಂದು ಅತ್ತೆಯನ್ನು ಕೂರಿಸಿ, ಲೋಟದಲ್ಲಿ ಹಾಲಿಲ್ಲದ ಕಾಫಿ ಕೊಟ್ಟರು. ವಸುಬಾರಸಿನ ದಿನ ಹಾಲು ನಿಷಿದ್ಧವೆಂದು ಅವರಿಗೆ ಆ ಗಲಾಟೆಯಲ್ಲೂ ನೆನಪಿತ್ತು.

ಅಷ್ಟರಲ್ಲಿ ಸೆಕ್ರೆಟರಿ ಫ್ಲೆಕ್ಸ್ ನೋಡಿದರು. ನಾಯಕರ ಎರಡೂ ಅಂಗೈಗಳ ನಡುವೆ ಮುಷ್ಟಿ ತೂರುವಷ್ಟು ತೂತು. "ಯಾರಿಗೆ ಉತ್ತರ ಕೊಡೋದು ಇದಕ್ಕೆ" ಎಂದು ತಮಗೆ ತಾವೇ ಹೇಳಿಕೊಂಡರು. ಒಂದು ಲೋಟ ಕಾಫಿ ಮುಗಿಯುವುದರೊಳಗೆ, ಆಶೀರ್ವಾದ ಮಾಡಿದ ಗೋಮಾತೆ ಫ್ಲೆಕ್ಸ್ ಹರಿದ ದನವಾದಳು.

"ಇದು ಡೇಂಜರಸ್ ಅನಿಮಲ್" ಎಂದರು ಸೆಕ್ರೆಟರಿ, ಮೈಕ್ ಇನ್ನೂ ಕೈಯಲ್ಲೇ ಇತ್ತು. "ಸೀನಿಯರ್ ಸಿಟಿಜನ್ ಮೇಲೆ ಬಂದಿದೆ. ಇಲ್ಲಿ ಇಡೋ ಹಾಗಿಲ್ಲ. ಗಾಡಿಗೆ ಫೋನ್ ಮಾಡ್ತಾ ಇದೀನಿ."

ಮಾಡಿಯೂ ಬಿಟ್ಟರು. ಸಾಲಿನಲ್ಲಿ ಯಾರೂ ಬೇಡವೆನ್ನಲಿಲ್ಲ. ಡಾಕ್ಟರು ನೆಲದಿಂದ ಸಿರಿಂಜು ಎತ್ತಿ ನೋಡಿದರು. ಸೂಜಿ ಬಾಗಿತ್ತು, ಮದ್ದು ರಸ್ತೆ ಕುಡಿದಿತ್ತು. ಡಬ್ಬಿಯಲ್ಲಿ ಇನ್ನೂ ಇದೆ, ಆದರೆ ಇನ್ನು ಸ್ವಲ್ಪ ಹೊತ್ತಷ್ಟೇ ಎಂದರು. ಹಸುವಿನವಳ ಅಂಗೈ ಹಗ್ಗಕ್ಕೆ ಸುಲಿದುಹೋಗಿತ್ತು. ಆ ಕೈಯಲ್ಲೇ ಹಸುವಿನ ಗಂಗೆದೊಗಲು ಸವರುತ್ತ, "ಮುಂಜಾನಿ ಚುಚ್ಚಿದ್ರ ಮುಗೀತಿತ್ತು" ಎಂದಳು. "ನಿಮ್ಮ ಪರದಾ ಯಾಕ ಬೇಕಿತ್ರಿ ಆಕಿಗೆ? ಆಕಿ ಏನ್ ಮದಲಗಿತ್ತಿ ಆಗಿದ್ಲೇನು?" ಅವಳು ನನ್ನ ಕಡೆ ತಿರುಗಿದಳು. "ಅಕ್ಕಾರ, ನೀವರ ಹೇಳ್ರಿ. ಕಲಿತವರಿದೀರಿ."

ಕಲಿತವಳು ಅತ್ತೆಯ ಕಡೆ ನೋಡಿದಳು. ಮಾತಾಡಿದ್ದು ಅತ್ತೆ. ಕನ್ನಡಕ ಸರಿಮಾಡಿಕೊಂಡು, ಸ್ಟೂಲಿನಿಂದ ಏಳದೆ ಕೇಳಿದರು.

"ಸೆಕ್ರೆಟರಿಗಳೇ, ಆರೋಗ್ಯ ಸೇವೆ ಆಯ್ತಾ?"

"ಎಲ್ಲಿ ಆಯ್ತು ಅಮ್ಮಾ? ನೀವೇ ನೋಡಿದ್ರಲ್ಲ."

"ಆರತಿ?"

"ಅದೂ ಇಲ್ಲ. ಬಿಡಿ, ನಿಮ್ಮ ಜೀವ ಉಳೀತಲ್ಲ."

"ನನ್ನ ಜೀವದ ಮಾತಲ್ಲ. ಸಂಕಲ್ಪದಲ್ಲಿ ಹೇಳಿದ್ರಿ. ಮೈಕಲ್ಲಿ ಹೇಳಿದ್ರಿ. ಇಷ್ಟು ಜನ ಅಕ್ಷತೆ ಮುಟ್ಟಿದಾರೆ. ಹೇಳಿದ ಸೇವೆ ಮಾಡದೆ ಹಸು ಕಳಿಸಿಬಿಟ್ರೆ ಪೂಜೆ ಮುಗೀತು ಅಂತ ಯಾರು ಹೇಳ್ತಾರೆ? ಮುಗೀದೆ ಊಟ ಹೇಗೆ ಮಾಡೋದು?"

ಅತ್ತೆಯ ಮಾತನ್ನು ಯಾರೋ ಮರಾಠಿಗೆ ತಿರುಗಿಸಿದರು, ಯಾರೋ ಗುಜರಾತಿಗೆ. ಅದು ಸಾಲಿನುದ್ದಕ್ಕೂ ಹೋಯಿತು. ಬೆಳಿಗ್ಗೆಯಿಂದ ನೀರು, ಹಾಲಿಲ್ಲದ ಚಹಾ ಬಿಟ್ಟರೆ ಏನೂ ಇಲ್ಲದ ಹೆಂಗಸರು. ಹೋಟೆಲಿನ ಒಳಗಿಂದ ವಡೆ ಕರಿಯುವ ವಾಸನೆ ಬರುತ್ತಿತ್ತು. ಸೂಜಿ ಚುಚ್ಚುವುದು ಪಾಪವೋ ಚುಚ್ಚದಿರುವುದು ಪಾಪವೋ ಎಂಬ ಪ್ರಶ್ನೆ ಬೆಳಿಗ್ಗೆ ಶಾಸ್ತ್ರದ್ದಾಗಿತ್ತು, ಈಗ ಹೊಟ್ಟೆಯದಾಯಿತು. ಸಂಕಲ್ಪದಲ್ಲಿ ಅದನ್ನು ಸೇರಿಸಿದ ಬುದ್ಧಿವಂತ ಯಾರು ಎಂದು ಒಬ್ಬರು ಕೇಳಿದರು. ಬೆಳಿಗ್ಗೆ ನನಗೇ ಚುಚ್ಚಿ ಎಂದಿದ್ದ ಕಾಕೂ ಮುಂದೆ ಬಂದು ಡಾಕ್ಟರಿಗೆ, "ಲವ್ಕರ್ ಟೋಚಾ ಹೋ ಬಾಯಿ, ಲವ್ಕರ್" ಎಂದು ಅವಸರಪಡಿಸಿದರು. ಬೇಗ ಚುಚ್ಚಮ್ಮಾ, ಬೇಗ.

"ಗಾಡಿ ಬರ್ತಾ ಇದೆ" ಎಂದರು ಸೆಕ್ರೆಟರಿ.

"ಬರಲಿ. ನಿಂತಿರುತ್ತೆ" ಎಂದರು ಅತ್ತೆ.

ಡಾಕ್ಟರು ಹೊಸ ಸೂಜಿ ತೆಗೆದರು. ಆದರೆ ಆ ಗೋಡೆಯ ಬಳಿಗೆ ಹಸು ಮತ್ತೆ ಬರಲೊಲ್ಲದು. ಪರದೆ ಬಿದ್ದಿದ್ದ ಕಡೆ ನೋಡಿ ಬುಸುಗುಟ್ಟುತ್ತಿತ್ತು. ಹೋಟೆಲಿನ ಯಜಮಾನರು, "ಹಿಂದಿನ ಗಲ್ಲಿಗೆ ಕರ್ಕೊಂಡು ಬನ್ನಿ ಮಾರಾಯ್ರೆ. ದಿನಾ ಅಲ್ಲೇ ಕೋಸಿನ ಎಲೆ ತಿಂತದಲ್ಲ. ಪೂಜೆ ಗೀಜೆ ಎಂತದೂ ಬೇಡ ಅಲ್ಲಿ" ಎಂದರು. ಹಸುವಿನವಳು ಕರುವನ್ನು ಮುಂದೆ ಬಿಟ್ಟಳು, ಹಸು ಅದರ ಹಿಂದೆ ಹೋಯಿತು.

ನಾನು ಗಲ್ಲಿಯ ಬಾಯಿಯಲ್ಲೇ ನಿಂತೆ. ಅತ್ತೆ ಒಳಗೆ ಹೋದರು. ತಡೆಯಲು ಅವರ ಸೆರಗು ಹಿಡಿದೆ. ಸೆರಗು ಬಿಡಿಸಿಕೊಂಡು ಹೋದರು. ಕೊಂಬಿನಿಂದ ದೂರವೇ ನಿಂತರು ಎಂಬುದನ್ನು ಇಲ್ಲಿ ಬರೆಯಬೇಕು, ನನ್ನ ಸಮಾಧಾನಕ್ಕೆ. ಹಸು ಬಕೆಟ್ಟಿಗೆ ಮೂತಿಯಿಟ್ಟು ಕೋಸಿನ ಎಲೆ ಜಗಿಯುತ್ತಿತ್ತು. ಡಾಕ್ಟರು ಚರ್ಮ ಎತ್ತಿ ಚುಚ್ಚಿದರು. ಹಸುವಿನ ಒಂದು ಕಿವಿ ನೊಣ ಓಡಿಸುವಂತೆ ಅಲುಗಿತು. ಡಾಕ್ಟರು ಸೂಜಿ ಹೊರಗೆಳೆದು ಆ ಜಾಗವನ್ನು ಹೆಬ್ಬೆರಳಿನಿಂದ ತಿಕ್ಕಿದರು.

"ಆಯ್ತಾ?" ಎಂದರು ಅತ್ತೆ.

"ಹೋ ಗಯಾ" ಎಂದರು ಡಾಕ್ಟರು.

"ಇಷ್ಟೇನಾ?"

ಆ ಮಾತೂ ಸಾಲಿನುದ್ದಕ್ಕೆ ಬೇರೆ ಬೇರೆ ಭಾಷೆಯಲ್ಲಿ ಹೋಯಿತು. ಅತ್ತೆ ಆರಿದ ತಟ್ಟೆಯನ್ನೇ ದೂರದಿಂದ ಮೂರು ಸುತ್ತು ತಿರುಗಿಸಿದರು. ಪೂಜೆ ಮುಗಿಯಿತೆಂದು ಘೋಷಣೆಯಾಯಿತು. ಹೆಂಗಸರು ಹಸುವನ್ನು ಮುಟ್ಟದೆ, ಇದ್ದಲ್ಲಿಂದಲೇ ನಮಸ್ಕಾರ ಎಸೆದು ಮನೆಗಳಿಗೆ ಹೊರಟರು.

ಗಾಡಿ ಆಮೇಲೆ ಬಂತು. ಡಾಕ್ಟರು ಅವರಿಗೆ, ಚುಚ್ಚಿದ ಮೇಲೆ ತಾವೇ ಹಸುವಿನ ಕೊಂಬಿಗೆ ಬಳಿದಿದ್ದ ಬಣ್ಣದ ಗುರುತು ತೋರಿಸಿ, ಇದಕ್ಕೆ ಲಸಿಕೆ ಆಗಿದೆ, ಜ್ವರವಿಲ್ಲ, ಒಯ್ಯುವ ಕಾರಣವಿಲ್ಲ ಎಂದರು. ಕರೆದವರು ಯಾರು ಎಂದು ಗಾಡಿಯವರು ಕೇಳಿದರು. ಇಷ್ಟು ದೂರ ಬಂದು ಖಾಲಿ ಹೋಗಬೇಕೇ ಎಂಬ ಬೇಸರ ಅವರಿಗೆ. ಸೆಕ್ರೆಟರಿ ಅತ್ತಿತ್ತ ನೋಡಿ ಫ್ಲೆಕ್ಸಿನ ಕಡೆ ಬೆರಳು ತೋರಿಸಿ, "ಏ ಲೇಕೇ ಜಾವೋ, ಪ್ಲೀಸ್" ಎಂದರು. ಅವರು ಅದನ್ನು ಬಿಚ್ಚಿ, ನಾಯಕರ ಮುಖ ಒಳಗೆ ಬರುವಂತೆ ಸುತ್ತಿ, ದನ ಹಾಕುವ ಜಾಗದಲ್ಲಿ ಹಾಕಿಕೊಂಡು ಹೋದರು.

ಲಿಫ್ಟಿನಲ್ಲಿ ನಾನು ಕೇಳಿದೆ. "ಅತ್ತೆ, ಸಂಕಲ್ಪ ಮಾಡಿ ಬಿಟ್ರೆ ಊಟ ಮಾಡಬಾರದು ಅಂತ ನಿಜವಾಗ್ಲೂ ಇದೆಯಾ?"

"ನನಗೇನು ಗೊತ್ತಮ್ಮಣ್ಣಿ. ಇದು ಇವರ ಊರಿನ ಹಬ್ಬ" ಎಂದರು. ಆಮೇಲೆ ಲಿಫ್ಟಿನ ಸರಳು ಹಿಡಿದುಕೊಂಡು ಅಲ್ಲೇ ಕೂತುಬಿಟ್ಟರು. ಮರುದಿನ ಪರೇಲಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಿದೆವು. ಮೂಳೆ ಮುರಿದಿರಲಿಲ್ಲ. ಹೊಟ್ಟೆಯ ಮೇಲೆ ತಟ್ಟೆಯಗಲದ ನೀಲಿ ಕಲೆ. ಹೇಗಾಯಿತು ಎಂದು ಕೇಳಿದ ಅಲ್ಲಿಯ ಡಾಕ್ಟರಿಗೆ ಅತ್ತೆ, "ಹಸು ಒರಗಿತು" ಎಂದರು. ಅವರು ಪುನಃ ಕೇಳಿದರು. ಅತ್ತೆ ಪುನಃ ಅದನ್ನೇ ಹೇಳಿದರು.

ಗ್ರೂಪಿನಲ್ಲಿ ಯಾರೋ ತೆಗೆದ ವಿಡಿಯೋ ಬಂದಿತ್ತು. ಅದರಲ್ಲಿ ಪರದೆ ಬೀಳುವ ಮುಂಚಿನದು ಮಾತ್ರವಿದೆ, ಹಿನ್ನೆಲೆಗೆ ಭಜನೆ ಹಾಕಿದ್ದಾರೆ. ಲಸಿಕೆಯನ್ನು ಧಾರ್ಮಿಕ ಭಾವನೆಗೆ ಧಕ್ಕೆಯಾಗದಂತೆ ಯಶಸ್ವಿಯಾಗಿ ನೆರವೇರಿಸಿದ ಸಮಿತಿಗೆ ಅಭಿನಂದನೆಗಳು ಬಂದವು. ಸೆಕ್ರೆಟರಿ ಎಲ್ಲರಿಗೂ ಪ್ರತ್ಯೇಕವಾಗಿ ಕೈಮುಗಿದರು.

ಹಬ್ಬ ಮುಗಿದು ಕಚೇರಿಗೆ ಹೊರಟ ದಿನ ನಾನು ಆ ತಿರುವನ್ನು ತಪ್ಪಿಸಿ ಸುತ್ತು ಬಳಸಿ ಸ್ಟೇಷನ್ನಿಗೆ ಹೋದೆ. ಮರುದಿನವೂ ಹಾಗೇ. ಬಹಳ ದಿನಗಳ ಮೇಲೆ ಒಮ್ಮೆ ಟ್ರೇನಿಗೆ ತಡವಾಗಿ, ಬೇರೆ ದಾರಿಯಿಲ್ಲದೆ ಅಲ್ಲಿಂದಲೇ ಹೋಗಬೇಕಾಯಿತು. ಹಸು ಅಲ್ಲೇ ಇತ್ತು. ಮೈ ನುಣ್ಣಗೆ ಹೊಳೆಯುತ್ತಿತ್ತು. ಹಸುವಿನವಳು ನನ್ನನ್ನು ನೋಡಿ ಕೂಗಿದಳು.

"ಅಕ್ಕಾರ, ಬರ್ರಿಲ್ಲೆ. ಕುತ್ತಿಗಿ ನೋಡ್ರಿ. ಸೂಜಿ ಚುಚ್ಚಿದಲ್ಲಿ ಬಾವು ಬಂದಿತ್ತು, ಇಳಿದೈತಿ. ಆ ಮ್ಯಾಲಿನ ತಬೇಲಾದಾಗ ಲಸಿಕಿ ಬ್ಯಾಡ ಅಂದವರದ್ದು ಎರಡು ಮಲಗ್ಯಾವಂತ್ರಿ, ಮೈತುಂಬ ಗಂಟು. ನಮ್ಮಾಕಿಗೆ ಏನೂ ಆಗಿಲ್ಲ. ಅಮ್ಮಾರಿಗೆ ಹೇಳ್ರಿ."

ಹೇಳುತ್ತೇನೆ ಎಂದೆ. ಒಂದು ಸೂಡು ಹುಲ್ಲು ತೆಗೆದುಕೊಂಡೆ. ಹಸು ನನ್ನ ಕಡೆ ತಲೆ ತಿರುಗಿಸಿತು. ಹುಲ್ಲು ಕೈಬಿಟ್ಟು ಫುಟ್‌ಪಾತಿನ ಆಚೆ ಅಂಚಿಗೆ ಹೋಗಿ ನಿಂತಿದ್ದೆ, ಹೋದದ್ದು ಯಾವಾಗ ಎಂದು ತಿಳಿಯಲಿಲ್ಲ.

"ಹೆದರಬ್ಯಾಡ್ರಿ" ಎಂದು ಅವಳು ನಕ್ಕಳು. "ಆಕಿಗೆ ಏನೂ ನೆನಪಿಲ್ಲ."

"ನನಗಿದೆ" ಎಂದೆ.

ಬಿಸಿಲಿಗೆಂದು ತಂದಿದ್ದ ಕೊಡೆಯ ತುದಿಯಿಂದ ಹುಲ್ಲನ್ನು ಹಸುವಿನ ಕಡೆಗೆ ಮೆಲ್ಲಗೆ ತಳ್ಳಿದೆ. ಅದು ತಿನ್ನಲು ಶುರು ಮಾಡಿತು. ನನ್ನ ಹಿಂದೆ ಪುಣ್ಯಕ್ಕೆ ಕಾದು ನಿಂತವರು, ಟ್ರೇನ್ ಬಂತು, ಜರಾ ಜಲ್ದಿ ಮಾಡಿ ಎಂದು ಗೊಣಗುತ್ತಿದ್ದರು.